ಲಕ್ಷಕ್ಕೆ ಮೂರು ಪಾಲು

"ಲಕ್ಷನ ಮೂರು ಪಾಲು ಮಾಡಿರೆ ಸಮ ಬತ್ತನೇ?" ಎಂದು ಅಮ್ಮ ಕೇಳಿದಾಗ ನಾನು ಕಾವಲಿಯ ಮೇಲಿನ ದೋಸೆ ಮಗುಚುತ್ತಿದ್ದೆ. ಅರ್ಧ ಆಯುಷ್ಯ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ಇಂಥದ್ದಕ್ಕೆಲ್ಲ ತಿರುಗಿ ನೋಡುವ ಅಗತ್ಯವೂ ಇಲ್ಲ.

"ಬತ್ತಿಲ್ಲೆ. ಒಂದು ಉಳಿತು," ಎಂದೆ.

"ಒಂದು ಉಳಿತಾ?"

"ಉಳಿತು."

"ಯಾವಾಗ್ಲೂ?"

"ಅಮ್ಮಾ, ಲಕ್ಷಕ್ಕೆ ಹಬ್ಬಕ್ಕೊಂದು ಅಮಾಸೆಗೊಂದು ಶೇಷ ಇರ್ತಾ? ಯಾವಾಗ ಭಾಗ ಮಾಡಿರೂ ಒಂದೇ ಉಳಿತು. ದೋಸೆ ತಣೀತು, ಬಾ."

ಅವಳು ಬರಲಿಲ್ಲ. ಸೌಟು ಹಿಡಿದುಕೊಂಡೇ ಹೋಗಿ ನೋಡಿದರೆ, ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದವಳು ತೊಡೆಯ ಮೇಲಿನ ಹತ್ತಿಯನ್ನು ಬುಟ್ಟಿಗೆ ಹಾಕಿ, ಮೇಲೊಂದು ಹಳೆಯ ಟವೆಲು ಮುಚ್ಚುತ್ತಿದ್ದಳು. "ಹಸಿವಿಲ್ಲೆ," ಎಂದು ಹೇಳಿ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬೆಳಗಿನ ಎಂಟು ಗಂಟೆಗೆ ಮಲಗುವ ಹೆಂಗಸಲ್ಲ ಅವಳು. ಆಗ ನನಗೆ ವಿಷಯ ಹೊಳೆಯಿತು, ಅಯ್ಯೋ ನನ್ನ ಬಾಯಿಗಿಷ್ಟು ಎಂದುಕೊಂಡೆ.

ವಿಷಯ ಏನೆಂದು ಹೇಳುತ್ತೇನೆ. ನಾನು ಮತ್ತು ಅಮ್ಮ ಇರುವುದು ಹೊಸನಗರದಲ್ಲಿ, ಬಸ್‌ಸ್ಟ್ಯಾಂಡಿಗೆ ಎದುರು. ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ನಾವು. ನಾನು ಮದುವೆಯಾಗಲಿಲ್ಲ, ನಗರ, ನಿಟ್ಟೂರು ಎಂದು ಆ ಕಡೆಯ ಶಾಲೆಗಳನ್ನೆಲ್ಲ ಸುತ್ತಿ ಇಲ್ಲಿಗೆ ಬಂದು ನಿವೃತ್ತಳಾದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆಗಿದ್ದಾಳೆ. ನನಗೆ ಇಬ್ಬರು ತಂಗಿಯರು. ನಡುವಿನವಳು ಸಾಗರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಚಿಕ್ಕವಳು ತೀರ್ಥಹಳ್ಳಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಇಬ್ಬರೂ ನನಗೆ ದಿನಾ ಫೋನು ಮಾಡುತ್ತಾರೆ. ಅವರಿಬ್ಬರ ನಡುವೆ ಮಾತಿಲ್ಲ. ಸಾಗರಕ್ಕೂ ತೀರ್ಥಹಳ್ಳಿಗೂ ನಡುವೆ ಹೊಸನಗರ ಇರುವ ಹಾಗೆ ಅವರಿಬ್ಬರ ನಡುವೆ ನಾನಿದ್ದೇನೆ, ಎರಡೂ ಕಡೆಯ ಧೂಳು ನನಗೇ.

ಜಗಳ ಬಳೆಯದು. ಅಮ್ಮನ ಕೈಯಲ್ಲಿ ನಾಲ್ಕು ಚಿನ್ನದ ಬಳೆ ಇದ್ದವು, ಅವಳ ಅಮ್ಮ ಕೊಟ್ಟಿದ್ದು. ಅಪ್ಪ ಹೋದ ಹದಿಮೂರನೆಯ ದಿನ, ಊಟವೆಲ್ಲ ಮುಗಿದ ಮೇಲೆ, ಹತ್ತಿರದ ಸಂಬಂಧದ ಹಿರಿಯ ಹೆಂಗಸೊಬ್ಬರು, "ಇನ್ನು ನಿಂಗೆ ಇದೆಲ್ಲ ಎಂತಕ್ಕೆ? ಮಕ್ಕಳಿಗೆ ಕೊಟ್ಟುಬಿಡು," ಎಂದರು. ಗಾಜಿನ ಬಳೆ ಆಗಲೇ ಹೋಗಿತ್ತು. ಚಿನ್ನದ್ದು ತೆಗೆಯಲೇಬೇಕು ಎಂದು ನಮ್ಮಲ್ಲೇನೂ ಕಡ್ಡಾಯವಿಲ್ಲ. ಆದರೂ ಅವರು ಹೇಳಿದರು, ನಾವು ಯಾರೂ ಬೇಡ ಎನ್ನಲಿಲ್ಲ. ಅಮ್ಮ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕಷ್ಟಪಟ್ಟು ತೆಗೆದುಕೊಂಡು ಬಂದು, ನಾಲ್ಕನ್ನೂ ಒಂದು ತಟ್ಟೆಯಲ್ಲಿಟ್ಟಳು. ಮೂವರೂ ಒಂದೊಂದು ತೆಗೆದುಕೊಂಡೆವು. ನಾಲ್ಕನೆಯದು ತಟ್ಟೆಯಲ್ಲಿ ಉಳಿಯಿತು.

ನಾಲ್ಕನ್ನು ಮೂರರಿಂದ ಭಾಗಿಸಿದರೆ ಶೇಷ ಒಂದು ಎನ್ನುವುದಕ್ಕೆ ಗಣಿತದ ಟೀಚರೇ ಬೇಕೆಂದಿಲ್ಲ. ಚಿಕ್ಕವಳು, "ಸದ್ಯಕ್ಕೆ ನನ್ನ ಹತ್ರ ಇರ್ಲಿ," ಎಂದು ಅದನ್ನೂ ಎತ್ತಿಕೊಂಡಳು. ನಡುವಿನವಳು, "ಸದ್ಯಕ್ಕೆ ಹೇಳಿರೆ ಎಲ್ಲಿವರೆಗೆ?" ಎಂದು ಕೇಳಿದಳು. ಅಷ್ಟೇ ನೋಡಿ. ಅದಾಗಿ ಸ್ವಲ್ಪ ದಿನಕ್ಕೆ ಒಂದು ಮದುವೆಮನೆಗೆ ಚಿಕ್ಕವಳು ಎರಡೂ ಬಳೆ ಹಾಕಿಕೊಂಡು ಬಂದಳು, ಬೇಕೆಂದೇ ಬಂದಳು. ನಡುವಿನವಳು ಊಟಕ್ಕೂ ನಿಲ್ಲದೆ ಸಾಗರದ ಬಸ್ಸು ಹತ್ತಿದಳು. ಆಮೇಲೆ ನಾಲ್ಕು ವರ್ಷ ಒಬ್ಬರ ಮುಖ ಒಬ್ಬರು ನೋಡಿಲ್ಲ. ಕರಗಿಸಿ ಮೂರು ಪಾಲು ಮಾಡೋಣ ಎಂದು ನಾನು ಒಂದು ಸಲ ಹೇಳಿದ್ದೆ. "ನನ್ನ ಅಬ್ಬೆ ಬಳೆ ಬೆಂಕಿಗೆ ಹಾಕದಾ?" ಎಂದು ಅಮ್ಮ ಕಣ್ಣಲ್ಲಿ ನೀರು ತಂದುಕೊಂಡಳು, ನಾನು ಮತ್ತೆ ಆ ಮಾತೆತ್ತಲಿಲ್ಲ.

ಈ ಜಗಳವೇ ಅಮ್ಮನಿಗೆ ಹುಣ್ಣಾಯಿತು. ಎಂಬತ್ತು ದಾಟಿದವಳು, ಮೊಣಕಾಲು ಬಿಟ್ಟರೆ ಬೇರೆ ಕಾಯಿಲೆ ಇಲ್ಲ, ಆದರೂ ಎದ್ದರೆ ಕೂತರೆ ಅದೇ. ಕೊನೆಗೆ ಅವಳು ಲಕ್ಷಬತ್ತಿಯ ಹರಕೆ ಹೊತ್ತಳು. ಒಂದು ಲಕ್ಷ ಹತ್ತಿಯ ಬತ್ತಿಗಳನ್ನು ಕೈಯಲ್ಲೇ ಹೊಸೆದು, ಕಾರ್ತಿಕದಲ್ಲಿ ತುಪ್ಪದಲ್ಲಿ ನೆನೆಸಿ ದೇವರ ಮುಂದೆ ಉರಿಸುವುದು. ನಮ್ಮ ಕಡೆಯ ಹಳೆಯ ಹೆಂಗಸರಿಗೆ ಇದು ಹೊಸತಲ್ಲ. ಅಮ್ಮನ ಹರಕೆಯಲ್ಲಿ ಒಂದು ಕರಾರು ಸೇರಿಕೊಂಡಿತ್ತು. "ಮೂರು ಜನನೂ ಒಂದೇ ಚಾಪೆ ಮೇಲೆ ಕೂತು, ಸಮ ಪಾಲು ಹಚ್ಚಬೇಕು. ನನ್ನ ಜೀವ ಇಪ್ಪಾಗ. ಬೇರೆ ಎಂತದೂ ನಂಗೆ ಬ್ಯಾಡ," ಎಂದಿದ್ದಳು.

ಎರಡು ವರ್ಷ ಹೊಸೆದಳು. ಬೆರಳಿಗೆ ಸ್ವಲ್ಪ ವಿಭೂತಿ ಮುಟ್ಟಿಸಿಕೊಂಡು, ಎಳೆ ಎಳೆದು, ಅಂಗೈಯಲ್ಲಿ ಒಂದು ಉರುಳು. ನೂರಾದರೆ ದಾರ ಸುತ್ತಿ ಒಂದು ಕಟ್ಟು. ಎಣಿಸುವಾಗ ಮಾತ್ರ ಅವಳು ಯಾವತ್ತೂ 'ಒಂದು' ಎನ್ನುವುದಿಲ್ಲ. ಭತ್ತ ಅಳೆಯುವಾಗಿನ ರೂಢಿ, ಮೊದಲನೆಯದಕ್ಕೆ 'ಲಾಭ' ಎನ್ನಬೇಕು, ಆಮೇಲೆ ಎರಡು, ಮೂರು. ಬಾಲ್ಕನಿಯಿಂದ ದಿನವಿಡೀ "ಲಾಭ, ಎರಡು, ಮೂರು" ಎಂದು ಕೇಳುತ್ತಿತ್ತು. ಕೆಳಗಿನಿಂದ ಕಂಡಕ್ಟರುಗಳು "ಬಟ್ಟೆಮಲ್ಲಪ್ಪ, ರಿಪ್ಪನ್‌ಪೇಟೆ" ಎಂದು ಕೂಗುತ್ತಿದ್ದರು. ಎರಡೂ ಸೇರಿ ನನ್ನ ನಿವೃತ್ತಿಯ ಶಾಂತಿ ಎಕ್ಕುಟ್ಟಿ ಹೋಗಿತ್ತು.

ಹಾಗೆ ಹೊಸೆದು ಹೊಸೆದು ಇನ್ನೇನು ಮುಗಿಯಿತು ಎನ್ನುವಾಗ ಅವಳಿಗೆ ಪಾಲಿನ ಯೋಚನೆ ಬಂದಿದೆ, ನನ್ನನ್ನು ಕೇಳಿದ್ದಾಳೆ. ನಾನು ದೋಸೆ ಮಗುಚಿದಷ್ಟೇ ಸಲೀಸಾಗಿ, ಒಂದು ಉಳಿಯುತ್ತದೆ ಎಂದಿದ್ದೇನೆ.

ಮಧ್ಯಾಹ್ನ ಊಟಕ್ಕೆ ಎಬ್ಬಿಸಿದೆ. ಎರಡು ತುತ್ತು ತಿಂದು, "ಇದೂ ಹಂಗೇ ಆತು ಅಲ್ದಾ," ಎಂದಳು. "ಮತ್ತೆ ಒಂದು ಉಳತ್ತು. ಮತ್ತೆ ಅವು ಕಚ್ಚಾಡ್ತ."

"ಒಂದು ಬತ್ತಿಗೆ ಯಾರು ಕಚ್ಚಾಡ್ತ?"

"ನಿಂಗೆ ನಿನ್ನ ತಂಗಿಯಕ್ಕಳ ಗೊತ್ತಿಲ್ಯಾ?"

ಗೊತ್ತಿತ್ತು.

ಸಂಖ್ಯೆ ಎಂದರೆ ನನಗೆ ಮನುಷ್ಯರಿಗಿಂತ ಸಲೀಸು. ನಿಟ್ಟೂರಿನ ಶಾಲೆಯಲ್ಲಿ ನಾನು ಮಕ್ಕಳಿಗೆ ಒಂದೊಂದು ದೊಡ್ಡ ಸಂಖ್ಯೆ ಕೊಟ್ಟು, ಅದರ ಜಾತಕ ಹೇಳಿ ಎನ್ನುತ್ತಿದ್ದೆ. ಸಮವೋ ಬೆಸವೋ, ಅವಿಭಾಜ್ಯವೋ ಭಾಜ್ಯವೋ, ವರ್ಗಸಂಖ್ಯೆ ಹೌದೋ ಅಲ್ಲವೋ, ಅಪವರ್ತನಗಳು ಎಷ್ಟು, ಅವುಗಳ ಮೊತ್ತ ಏನು. ಒಂದು ಸಂಖ್ಯೆಯ ಗುಣ ಪೂರ್ತಿ ತಿಳಿಯದೆ ಅದನ್ನು ಬರಿದೇ ಗುಣಿಸಿ ಭಾಗಿಸುವುದು ನನಗೆ ಆಗುವುದಿಲ್ಲ. ಆ ದಿನ ಸಂಜೆ ಅಮ್ಮನ ಪಕ್ಕದಲ್ಲಿ ಕೂತು ಲಕ್ಷದ ಜಾತಕ ಬಿಚ್ಚಿದೆ. ಅವಳಿಗೆ ಸಮಾಧಾನ ಮಾಡಲು ನನಗೆ ಬೇರೆ ವಿದ್ಯೆ ಬಾರದು.

"ನೋಡು, ಲಕ್ಷ ಹೇಳಿರೆ ಬರೀ ಎರಡು ಮತ್ತೆ ಐದು. ಎರಡನ್ನ ಐದು ಸಲ ಗುಣಿಸು, ಐದನ್ನ ಐದು ಸಲ ಗುಣಿಸು, ಎರಡೂ ಸೇರಿಸಿ ಗುಣಿಸಿರೆ ಲಕ್ಷ. ಬೇರೆ ಯಾರ ರಕ್ತವೂ ಅದರಲ್ಲಿ ಇಲ್ಲೆ. ಮೂರು ಇಲ್ಲೆ, ಏಳು ಇಲ್ಲೆ, ಹನ್ನೊಂದು ಇಲ್ಲೆ."

"ಅಷ್ಟು ದೊಡ್ಡದರಲ್ಲಿ ಒಂದು ಮೂರು ಇಲ್ಯಾ?"

"ಇಲ್ಲೆ. ಆದರೆ ಭಾಗಿಸಲೆ ಬಪ್ಪ ಸಂಖ್ಯೆ ಮೂವತ್ತಾರು ಇದ್ದು. ಒಂದು, ಎರಡು, ನಾಲ್ಕು, ಐದು, ಎಂಟು, ಹತ್ತು, ಹದಿನಾರು, ಇಪ್ಪತ್ತು..." ಎಂದು ಶುರು ಮಾಡಿ ಐವತ್ತು ಸಾವಿರದವರೆಗೆ, ಕಡೆಗೆ ಲಕ್ಷದವರೆಗೆ ಒಪ್ಪಿಸಿದೆ. ಬಾಯಿಪಾಠ ಒಪ್ಪಿಸುವಾಗ ನನಗೆ ಒಂಥರಾ ಖುಷಿ, ಈಗಲೂ.

ತನ್ನನ್ನು ಬಿಟ್ಟು ಉಳಿದ ಮೂವತ್ತೈದು ಭಾಜಕಗಳನ್ನು ಕೂಡಿಸಿದರೆ ಒಂದು ಲಕ್ಷದ ನಲವತ್ತಾರು ಸಾವಿರದ ಎಪ್ಪತ್ತೆಂಟು. ಮೊತ್ತ ಸಂಖ್ಯೆಗಿಂತ ಹೆಚ್ಚಾದರೆ ಅಂಥದ್ದಕ್ಕೆ ಸಮೃದ್ಧ ಸಂಖ್ಯೆ ಎನ್ನುತ್ತಾರೆ. ಇದನ್ನು ಕೇಳಿ ಅಮ್ಮ, "ಸಮೃದ್ಧಿ ಇದ್ದು, ಸಮ ಪಾಲು ಮಾತ್ರ ಇಲ್ಲೆ. ಚೆಂದ ಇದ್ದು ನಿನ್ನ ಲೆಕ್ಕ," ಎಂದಳು. ಲಕ್ಷ ವರ್ಗಸಂಖ್ಯೆಯಲ್ಲ, ಆದರೆ ಎರಡು ವರ್ಗಗಳ ಮೊತ್ತ ಎಂದೂ ಹೇಳಿದೆ. ಮುನ್ನೂರು ಸಾಲಿನಲ್ಲಿ ಸಾಲಿಗೆ ಮುನ್ನೂರರಂತೆ ಒಂದು ಚೌಕ, ನೂರು ಸಾಲಿನಲ್ಲಿ ಸಾಲಿಗೆ ನೂರರಂತೆ ಇನ್ನೊಂದು ಚೌಕ, ಇಷ್ಟು ಬತ್ತಿ ಇಟ್ಟರೆ ಲಕ್ಷ ಸರಿಯಾಗಿ ಮುಗಿಯುತ್ತದೆ. ಅವಳು, "ಎರಡು ಚೌಕ ಬತ್ತು, ಮೂರು ಪಾಲು ಬತ್ತಿಲ್ಲೆ," ಎಂದಳು. ಅವಳ ಮನಸ್ಸು ಆ ಮೂರಕ್ಕೇ ಅಂಟಿಕೊಂಡಿತ್ತು.

"ಎಂತಕ್ಕೆ ಉಳಿತು ಒಂದು? ಅದನ್ನಾದ್ರೂ ಹೇಳು."

"ಹತ್ತು ಹೇಳಿರೆ ಒಂಬತ್ತು ಮತ್ತೆ ಒಂದು. ಒಂಬತ್ತು ಮೂರರ ಪಾಲಿಗೆ ಹೋತು, ಒಂದು ಉಳತ್ತು. ನೂರು ಹೇಳಿರೆ ತೊಂಬತ್ತೊಂಬತ್ತು ಮತ್ತೆ ಒಂದು. ಸಾವಿರಕ್ಕೂ ಹಂಗೇ, ಲಕ್ಷಕ್ಕೂ ಹಂಗೇ."

"ಹಂಗಾರೆ ಎಷ್ಟು ಸೊನ್ನೆ ಹಾಕಿರೂ ಆ ಒಂದು ಹೋಗ್ತಿಲ್ಲೆ."

"ಕೋಟಿ ಮಾಡಿರೂ ಹೋಗ್ತಿಲ್ಲೆ."

ಅವಳು ಬುಟ್ಟಿಯನ್ನು ಕಾಲಿನಿಂದ ಸ್ವಲ್ಪ ದೂರ ತಳ್ಳಿದಳು. ಮರುದಿನವೂ ಹೊಸೆಯಲಿಲ್ಲ. ನನಗೆ ಸಿಟ್ಟು ಬಂತು. ಅಮ್ಮನ ಮೇಲಲ್ಲ, ಆ ಸಂಖ್ಯೆಯ ಮೇಲೆ. ಇಷ್ಟು ವರ್ಷ ನಿನ್ನನ್ನು ಕರಿಹಲಗೆ ಮೇಲೆ ಹೊಗಳಿದ್ದಕ್ಕೆ ಇದೇನಾ ಮಾರಾಯ, ಎಂದು ಬೈದೂ ಬೈದೆ, ಬಾಯಿಬಿಟ್ಟೇ.

ಸಂಖ್ಯೆ ಬಗ್ಗದಿದ್ದರೆ ಪಕ್ಕದ ಮನೆಯವರನ್ನು ವಿಚಾರಿಸಬೇಕು. ಹಿಂದಿನದು ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು, ಮೂರು ಪಾಲಾಗುತ್ತದೆ, ಎಲ್ಲರಿಗೂ ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತಮೂರು. ಅಮ್ಮ ಆಗದು ಎಂದು ತಲೆ ಆಡಿಸಿಬಿಟ್ಟಳು. "ಹೇಳಿದ್ದು ಲಕ್ಷ. ಕಡಿಮೆ ಮಾಡ್ಲಾಗ." ಮುಂದಿನದು ಒಂದು ಲಕ್ಷದ ಒಂದು. ಅದಕ್ಕೆ ಹನ್ನೊಂದು ಬೇಕು, ಮೂರು ಆಗದು. ಒಂದು ಲಕ್ಷದ ಮೂರು ಅವಿಭಾಜ್ಯ, ಆರು ಅಂಕಿಯ ಅವಿಭಾಜ್ಯಗಳಲ್ಲೆಲ್ಲ ಮೊದಲನೆಯದು. ತನ್ನನ್ನೂ ಒಂದನ್ನೂ ಬಿಟ್ಟು ಯಾರಿಗೂ ಪಾಲು ಕೊಡುವುದಿಲ್ಲ. ಅದರ ಸ್ವಭಾವ ಕೇಳಿ ಅಮ್ಮ, "ನಿನ್ನ ತಂಗಿಯಕ್ಕಳ ಜಾತಿದು," ಎಂದಳು. ನಡುವೆ ಇರುವ ಒಂದು ಲಕ್ಷದ ಎರಡು ಮಾತ್ರ ಒಳ್ಳೆಯದು. ಮೂರು ಪಾಲು, ಒಬ್ಬೊಬ್ಬರಿಗೆ ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತನಾಲ್ಕು.

"ಎರಡು ಬತ್ತಿ ಹೆಚ್ಚಾದರೆ ದೇವರು ಬೇಡ ಹೇಳ್ತಿಲ್ಲೆ. ಆ ಎರಡು ಆನು ಹೊಸೆದು ಕೊಡ್ತಿ. ನೀನು ನಿನ್ನ ಲಕ್ಷ ಮುಗಿಸು," ಎಂದೆ. ಅಮ್ಮ ಒಪ್ಪಿದಳು. ಬುಟ್ಟಿಯ ಮೇಲಿನ ಟವೆಲು ತೆಗೆದಳು. "ಲಾಭ" ಎಂದು ಶುರು ಮಾಡಿದ್ದು ಕೇಳಿ ಆ ದಿನ ನನಗೆ ಕಿರಿಕಿರಿಯಾಗಲಿಲ್ಲ.

ಫೋನಿನಲ್ಲಿ ಇದೆಲ್ಲ ಆಗದು ಎಂದು ನಾನೇ ಹೋದೆ. ಸಾಗರದಲ್ಲಿ ನಡುವಿನವಳು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಯಾರದೋ ತೋಳಿನ ಅಳತೆ ಸರಿ ಮಾಡುತ್ತಿದ್ದಳು. ಎಲ್ಲ ಕೇಳಿದ ಮೇಲೆ ಪಿನ್ನು ತೆಗೆದು, "ಒಂದು ಲಕ್ಷದ ಎರಡು ಹೇಳಿ ಯಾವ ಊರಲ್ಲಿ ವ್ರತ ಮಾಡಿದ್ದ?" ಎಂದಳು.

"ಹೊಸನಗರದಲ್ಲಿ ಮಾಡ್ತ್ಯ. ಬತ್ತೆಯ ಇಲ್ಯ ಅಷ್ಟು ಹೇಳು."

"ಅದು ಬತ್ತಾ?" ಎಂದು ಕೇಳಿದಳು. ಚಿಕ್ಕವಳಿಗೆ ನಾಲ್ಕು ವರ್ಷದಿಂದ ಹೆಸರಿಲ್ಲ, 'ಅದು' ಅಷ್ಟೇ.

"ಬತ್ತು."

"ಬರ್ಲಿ. ನಂಗೇನು ಅದರ ಹೆದರಿಕೆಯಾ?"

ತೀರ್ಥಹಳ್ಳಿಯಲ್ಲಿ ಚಿಕ್ಕವಳು ಲ್ಯಾಬಿನ ಹಿಂದಿನ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿದಳು. ಅವಳದು ಇನ್ನೊಂದು ರಾಗ, ನಡುವಿನವಳು ಅವಳಿಗೂ 'ಅದು'. "ಅಕ್ಕಾ, ಆ ಬಳೆ ಕೊಡ್ತಿ ಹೇಳಿ ಎಷ್ಟು ಸಲ ಹೇಳಿದ್ದಿ ನಿಂಗೆ? ಕೊಟ್ರೆ ಅದಕ್ಕೆ ಎರಡಾತು, ನಂಗೆ ಒಂದು. ಅದು ಯಾವ ನ್ಯಾಯ? ನ್ಯಾಯ ಆಗ್ತು ಹೇಳಾದ್ರೆ ಈಗ್ಲೇ ಬಿಚ್ಚಿ ಕೊಡ್ತಿ." ಅವಳು ಕೆಟ್ಟವಳಲ್ಲ. ಇಬ್ಬರೂ ಕೆಟ್ಟವರಲ್ಲ. ಅದೇ ನನ್ನ ತಲೆನೋವು, ಒಬ್ಬಳಾದರೂ ಕೆಟ್ಟವಳಾಗಿದ್ದರೆ ಬೈದು ಮುಗಿಸಬಹುದಿತ್ತು.

ಇಬ್ಬರೂ ಬರುತ್ತೇನೆ ಎಂದರು, ದಿನ ಮಾತ್ರ ಹೇಳಲಿಲ್ಲ. ಕೊನೆಗೆ ಅಮ್ಮನೇ ನನ್ನ ಮೊಬೈಲು ತೆಗೆದುಕೊಂಡು ಇಬ್ಬರಿಗೂ ಒಂದೇ ಮಾತು ಹೇಳಿದಳು. "ಆನು ಇಪ್ಪಾಗ ಬಾ. ಹೋದಮೇಲೆ ಬಪ್ಪದು ಬ್ಯಾಡ."

ಕಾರ್ತಿಕದ ಒಂದು ಭಾನುವಾರ ಬೆಳಿಗ್ಗೆ ಸಾಗರದ ಬಸ್ಸಿನಿಂದ ಒಬ್ಬಳು ಇಳಿದಳು, ತೀರ್ಥಹಳ್ಳಿಯ ಬಸ್ಸಿನಿಂದ ಇನ್ನೊಬ್ಬಳು. ನಾನೂ ಅಮ್ಮನೂ ಬಾಲ್ಕನಿಯಿಂದ ನೋಡುತ್ತಿದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರನ್ನೊಬ್ಬರು ಕಂಡರು. ಒಬ್ಬಳು ಹೂವಿನ ಅಂಗಡಿಯ ಕಡೆ ತಿರುಗಿದಳು, ಇನ್ನೊಬ್ಬಳು ಮೆಟ್ಟಿಲು ಹತ್ತಿದಳು. "ಥೂ ಇವರ," ಎಂದೆ. ಅಮ್ಮ ನನ್ನ ಕೈ ಒತ್ತಿ ಸುಮ್ಮನಿರಿಸಿದಳು.

ಹಾಲ್‌ನಲ್ಲಿ ಚಾಪೆ ಹಾಸಿತ್ತು. ದೇವರ ಮುಂದೆ ಮೂರು ದೊಡ್ಡ ಮಣ್ಣಿನ ಬೋಗುಣಿ, ತುಪ್ಪ, ಬೆಂಕಿಪೊಟ್ಟಣ. ತಂಗಿಯರು ಚಾಪೆಯ ಎರಡು ತುದಿಗೆ ಕೂತರು, ನಡುವೆ ನಾನು. ಅಮ್ಮನಿಗೆ ಕೆಳಗೆ ಕೂರಲು ಮೊಣಕಾಲು ಬಗ್ಗದು, ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಪಾಲು ನಮ್ಮ ಕಣ್ಣೆದುರೇ ಆಗಬೇಕು ಎಂದು ನಡುವಿನವಳು ಮೊದಲೇ ಹೇಳಿದ್ದಳು. ಸಾವಿರ ಕಟ್ಟು ಸುರಿದು ಹಂಚುತ್ತಾ ಹೋದೆವು. ಒಬ್ಬೊಬ್ಬರಿಗೆ ಮುನ್ನೂರ ಮೂವತ್ತಮೂರು ಕಟ್ಟು ಆಗುವಾಗ ಹೊತ್ತು ಊಟಕ್ಕೆ ಬಂದಿತ್ತು. ಒಂದು ಕಟ್ಟು ಉಳಿಯಿತು. ಅದರ ದಾರ ಬಿಚ್ಚಿ ಬಿಡಿ ಬತ್ತಿ ಹಂಚಿದೆ. ಒಬ್ಬೊಬ್ಬರಿಗೆ ಮೂವತ್ತಮೂರು. ತಟ್ಟೆಯಲ್ಲಿ ಒಂದು ಉಳಿಯಿತು.

ಈಗ ನೋಡಿ ಗಣಿತದ ಪ್ರಭಾವ ಎಂಬ ಹಾಗೆ, ಹಿಂದಿನ ದಿನವೇ ಹೊಸೆದಿಟ್ಟ ನನ್ನ ಎರಡು ಬತ್ತಿಗಳನ್ನು ಅದರ ಪಕ್ಕ ಇಟ್ಟೆ. "ಒಂದು ಲಕ್ಷದ ಎರಡು. ಒಬ್ಬೊಬ್ಬರಿಗೆ ಒಂದೊಂದು. ಶೇಷ ಸೊನ್ನೆ."

ಯಾರೂ ಕೈ ಚಾಚಲಿಲ್ಲ. ನಡುವಿನವಳು ಬಗ್ಗಿ ಮೂರು ಬತ್ತಿಗಳನ್ನೂ ನೋಡಿದಳು. ಹೊಲಿಗೆಯ ಕಣ್ಣು ಅವಳದು. ಅಮ್ಮನ ಬತ್ತಿ ಕಡ್ಡಿಯ ಹಾಗೆ ನೆಟ್ಟಗಿತ್ತು, ನನ್ನವು ಎರಡೂ ನಡುವೆ ಉಬ್ಬಿದ್ದವು.

"ಅಕ್ಕಾ, ಅಮ್ಮ ಮಾಡಿದ್ದೂ ನೀ ಮಾಡಿದ್ದೂ ಒಂದೇ ಆಗ್ತಾ? ಇದರಲ್ಲಿ ಅಮ್ಮನ ಕೈಯದ್ದು ಒಂದೇ ಇದ್ದು. ಅದು ಯಾರಿಗೆ?"

ಸಂಖ್ಯೆ ಸಮ ಇತ್ತು, ವಸ್ತು ಸಮ ಇರಲಿಲ್ಲ. ಇದು ನನ್ನ ಯಾವ ಪಾಠದಲ್ಲೂ ಇಲ್ಲ.

ಚಿಕ್ಕವಳು ನನ್ನ ಕಡೆ ತಿರುಗಿ, "ಅಕ್ಕಾ, ಅದಕ್ಕೇ ಕೊಡು. ನಂಗೆ ಬ್ಯಾಡ," ಎಂದಳು.

"ಅಕ್ಕಾ, ಅದು ಬಿಟ್ಟಿದ್ದು ನಂಗೂ ಬ್ಯಾಡ ಹೇಳು."

"ಹಂಗಾರೆ ಇದನ್ನೂ ತಗಳಲೆ ಹೇಳು ಅಕ್ಕಾ!" ಎಂದು ಚಿಕ್ಕವಳು ಬ್ಯಾಗಿಗೆ ಕೈಹಾಕಿ ಆ ನಾಲ್ಕನೆಯ ಬಳೆ ತೆಗೆದು ತಟ್ಟೆಯಲ್ಲಿ ಠಣ್ಣೆಂದು ಇಟ್ಟಳು. "ನಾಲ್ಕು ವರ್ಷ ಇದರ ಸಲುವಾಗಿ ಅನ್ನ ಸೇರಿದ್ದಿಲ್ಲೆ ನಂಗೆ. ತಗಳ್ಳಲಿ."

"ನಂಗೆ ಭಿಕ್ಷೆ ಬ್ಯಾಡ ಹೇಳು ಅಕ್ಕಾ!"

"ಹೇಳು, ಹೇಳು! ಆನು ಎಂತ, ಪೋಸ್ಟ್‌ಮ್ಯಾನಾ?" ಎಂದು ನಾನೂ ಕಿರುಚಿದೆ. "ಒಬ್ಬಳ ಹತ್ರ ಒಬ್ಬಳು ಬಾಯಿಬಿಟ್ಟು ಬೈದಾಡಿ! ಅಷ್ಟಾದ್ರೂ ಮಾಡಿ!" ಕೆಳಗಿನ ಝೆರಾಕ್ಸ್ ಯಂತ್ರದ ಸದ್ದು ನಿಂತಿತು. ಅವರೂ ಕೇಳಿಸಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ.

ತಟ್ಟೆಯಲ್ಲಿ ಅಮ್ಮನ ಒಂದು ಬತ್ತಿ, ಅಮ್ಮನ ಒಂದು ಬಳೆ. ನಾವು ಮೂವರೂ ಅದನ್ನೇ ನೋಡುತ್ತಾ ಕೂತಿದ್ದೆವು. ಹಿಂದಿನಿಂದ ಅಮ್ಮನ ಸ್ವರ ಕೇಳಿತು.

"ಲಕ್ಷನ ನಾಕು ಪಾಲು ಮಾಡಿರೆ ಸಮ ಬತ್ತನೇ?"

ನಾನು ತಿರುಗಿಯೂ ನೋಡದೆ, ದೋಸೆ ಮಗುಚುವಾಗಿನ ಅದೇ ಸ್ವರದಲ್ಲಿ ಹೇಳಿದೆ. "ಬತ್ತು. ಕಡೇ ಎರಡು ಅಂಕಿ ನಾಕರಿಂದ ಹೋದರೆ ಪೂರ್ತಿ ಸಂಖ್ಯೆ ಹೋತು. ಇಪ್ಪತ್ತೈದು ಸಾವಿರ. ಶೇಷ ಇಲ್ಲೆ. ಆದರೆ ನಾಕು ಪಾಲು ಎಂತಕ್ಕೆ? ನಾಕನೇದು ಯಾರು ಇದ್ದ ಇಲ್ಲಿ?"

"ಆನು ಇಲ್ಯಾ?"

ಅವಳು ಜೋರಾಗಿ ಹೇಳಲಿಲ್ಲ. ಆಕ್ಷೇಪಣೆಯ ಹಾಗೂ ಹೇಳಲಿಲ್ಲ. ಬಸ್ಸಿನಲ್ಲಿ ಪಕ್ಕದವರನ್ನು ಸೀಟು ಖಾಲಿಯಾ ಎಂದು ಕೇಳುವ ಹಾಗೆ ಕೇಳಿದಳು.

"ಲಕ್ಷ ಹೊಸೆದಿ. ನಂಗೆ ಹಚ್ಚಲೆ ಒಂದೂ ಇಲ್ಲೆ ಹೇಳಿ ಈಗ ಕೂತ್ಕಂಡು ನೋಡ್ವಾಗ ಕಂಡ್ತು," ಎಂದಳು. ಆಮೇಲೆ, "ಬಳೆನೂ ನಾಕೇ ಇತ್ತು," ಎಂದಳು.

"ಅವತ್ತೇ ಹೇಳಲಾಗ್ತಿತ್ತಲ್ದಾ ಅಮ್ಮಾ," ಎಂದೆ.

"ಯಾರೂ ಕೇಳಿದ್ದಿಲ್ಲೆ."

ನನಗೆ ಅಳು ಬಂತು. ಮೂವತ್ತಾರು ಭಾಜಕಗಳನ್ನು ಅವಳ ಎದುರೇ ಕೂತು ಒಪ್ಪಿಸಿದವಳು ನಾನು, ಒಂದು, ಎರಡು, ನಾಲ್ಕು ಎಂದು. ಬಾಯಲ್ಲಿ ನಾಲ್ಕು ಬಂತು, ತಲೆಯಲ್ಲಿ ಮೂರೇ ಇತ್ತು. ನಾವು ಮೂರು ಜನ ಅಮ್ಮನನ್ನು ತಟ್ಟೆ ಹಿಡಿದು ನಿಂತವಳು ಎಂದುಕೊಂಡೆವೇ ಹೊರತು ಪಾಲಿನವಳು ಎಂದುಕೊಳ್ಳಲಿಲ್ಲ. ಸಂಖ್ಯೆಯದು ಏನೂ ತಪ್ಪಿರಲಿಲ್ಲ, ಪಾಪ, ಅದು ಮೊದಲಿನಿಂದಲೂ ಸರಿಯಾಗಿ ಭಾಗವಾಗಲು ತಯಾರಾಗಿ ಕೂತಿತ್ತು.

ಚಿಕ್ಕವಳು ತಟ್ಟೆಯಿಂದ ಬಳೆ ಎತ್ತಿಕೊಂಡು ಅಮ್ಮನ ಕುರ್ಚಿಯ ಹತ್ತಿರ ಹೋಗಿ ಮಂಡಿಯೂರಿದಳು. ನಡುವಿನವಳೂ ಎದ್ದು ಹೋಗಿ ಇನ್ನೊಂದು ಬದಿಗೆ ಕೂತು ಅಮ್ಮನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು, ಬ್ಲೌಸಿನ ತೋಳು ಹಿಡಿಯುವ ಹಾಗೆ. ಬಳೆಯನ್ನು ನೋಡಿದಳು, ಕೈಯನ್ನು ನೋಡಿದಳು.

"ಸೋಪು ಬೇಕಾಗ್ತೇನ," ಎಂದಳು.

ನನಗಲ್ಲ, ಚಿಕ್ಕವಳಿಗೆ.

"ಬ್ಯಾಡ," ಎಂದಳು ಚಿಕ್ಕವಳು. "ಕೈ ಸಣ್ಣ ಆಯ್ದು."

ನಾಲ್ಕು ವರ್ಷದ ಮೇಲೆ ಅವರಿಬ್ಬರು ಆಡಿದ ಮೊದಲ ಮಾತುಗಳು ಅವು. ಬಳೆ ಸೋಪಿಲ್ಲದೆ, ಒತ್ತದೆ ಒಳಗೆ ಹೋಯಿತು. ಅಂದು ಅಷ್ಟು ಕಷ್ಟಪಟ್ಟು ತೆಗೆದಿದ್ದು ಇಂದು ಅಷ್ಟು ಸಡಿಲ ಎಂದು ಕಂಡಾಗ ಇಬ್ಬರೂ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಅತ್ತರು. "ಬಿಡ್ರೇ, ಸೀರೆ ಒದ್ದೆ ಆಗ್ತು," ಎಂದು ಅಮ್ಮ ಇಬ್ಬರ ತಲೆಯ ಮೇಲೂ ಒಂದೊಂದು ಕೈ ಇಟ್ಟಳು.

ಮೂರು ಪಾಲನ್ನೂ ಮತ್ತೆ ಒಟ್ಟು ಸುರಿದೆವು. ಬಿಡಿಸಿದ ಆ ಒಂದು ಕಟ್ಟಿಗೆ ನಡುವಿನವಳು ದಾರ ಸುತ್ತಿದಳು. ನಾನು ಹೊಸೆದ ಎರಡು ಉಬ್ಬು ಬತ್ತಿಗಳನ್ನು ದೇವರ ದಿನದ ದೀಪಕ್ಕೆ ಹಾಕಿದೆ. ಒಬ್ಬೊಬ್ಬರಿಗೆ ಇನ್ನೂರೈವತ್ತು ಕಟ್ಟು, ಉಳಿಕೆ ಇಲ್ಲ. ಬೋಗುಣಿ ಮೂರೇ ಇತ್ತು, ಚಿಕ್ಕವಳು ಅಡಿಗೆಮನೆಯಿಂದ ದೋಸೆಹಿಟ್ಟಿನ ದೊಡ್ಡ ಪಾತ್ರೆ ತೊಳೆದು ತಂದು ಅಮ್ಮನ ಮುಂದೆ ಸ್ಟೂಲಿನ ಮೇಲೆ ಇಟ್ಟಳು. ಮಧ್ಯಾಹ್ನದ ಸಾಗರದ ಬಸ್ಸು ಕೆಳಗೆ ಹಾರ್ನು ಹಾಕಿ ಹೋಯಿತು, ತೀರ್ಥಹಳ್ಳಿಯದೂ ಹೋಯಿತು. ಯಾರೂ ಏಳಲಿಲ್ಲ.

"ಅಮ್ಮಾ, ನೀನೇ ಶುರು ಮಾಡು," ಎಂದೆ.

ಅಮ್ಮ ಬಳೆಯನ್ನು ಮೊಣಕೈಯ ಹತ್ತಿರದವರೆಗೆ ಏರಿಸಿಕೊಂಡಳು. ತನ್ನ ಪಾಲಿನಿಂದ ಮೊದಲ ಕಟ್ಟು ಎತ್ತಿ ತುಪ್ಪದಲ್ಲಿ ಅದ್ದಿದಳು.

"ಲಾಭ," ಎಂದಳು.